ಸಾವ್ಕಾರನ ಸಕ್ಕರೆ ಮತ್ತು ನನ್ನ ಕೈಯಂದಾಜು

ಕೊಟ್ಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ನಾನು ಮೂವತ್ತೊಂದು ವರ್ಷ ತೂಕದ ಕೆಲಸ ಮಾಡಿದವನು. ಶೇಂಗಾ, ಮೆಕ್ಕೆಜೋಳ, ಸೂರ್ಯಕಾಂತಿ, ಹುಣಸೆಹಣ್ಣು, ನನ್ನ ತಕ್ಕಡಿ ಹತ್ತದ ಮಾಲಿಲ್ಲ. ಕಡೆಕಡೆಗೆ ನನಗೆ ತಕ್ಕಡಿಯೂ ಬೇಕಿರಲಿಲ್ಲ. ಚೀಲದ ಎರಡು ಕಿವಿ ಹಿಡಿದು ಒಮ್ಮೆ ಮೇಲೆತ್ತಿದರೆ ಸಾಕು, ಇಷ್ಟು ಕಿಲೋ ಎಂದು ಹೇಳಿಬಿಡುತ್ತಿದ್ದೆ. ಆಮೇಲೆ ತೂಗಿ ನೋಡಿದರೆ ಹೆಚ್ಚೆಂದರೆ ಅರ್ಧ ಕಿಲೋ ಆಚೀಚೆ. ಇದಕ್ಕೆ ನಮ್ಮಲ್ಲಿ ಕೈಯಂದಾಜು ಎನ್ನುತ್ತಿದ್ದರು. ಕೊಟ್ರಪ್ಪನ, ಅಂದರೆ ನನ್ನ, ಕೈಯಂದಾಜೆಂದರೆ ಹಮಾಲರೂ ದಲಾಲರೂ ಒಟ್ಟಿಗೆ ತಲೆಯಾಡಿಸುತ್ತಿದ್ದರು. ಅವರಿಬ್ಬರೂ ಒಟ್ಟಿಗೆ ತಲೆಯಾಡಿಸಿದ್ದು ಬೇರೆ ಯಾವ ವಿಷಯಕ್ಕೂ ನಾನು ನೋಡಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮನುಷ್ಯ ಎಷ್ಟು ಎತ್ತರದಿಂದ ಬಿದ್ದ ಎಂಬುದು ಗೊತ್ತಿಲ್ಲದಿದ್ದರೆ ಪೆಟ್ಟು ಎಷ್ಟು ಬಿತ್ತು ಎಂಬುದು ತಿಳಿಯುವುದಿಲ್ಲ.

ನಾನು ರಿಟೈರ್ ಆದ ವರ್ಷ ನನಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಮೊದಲು ಮಾತ್ರೆ, ಆಮೇಲೆ ಇನ್ಸುಲಿನ್. ಅಳಿಯ ದಾವಣಗೆರೆಯಿಂದ ಸಕ್ಕರೆ ನೋಡುವ ಪುಟ್ಟ ಮಿಷನ್ನು ತಂದುಕೊಟ್ಟ. ಬೆರಳಿಗೆ ಚುಚ್ಚಿ, ರಕ್ತದ ಹನಿಯನ್ನು ಒಂದು ಪಟ್ಟಿಯ ತುದಿಗೆ ಹಚ್ಚಿದರೆ ಅಂಕಿ ಬರುತ್ತದೆ. ನನ್ನ ಹೆಂಡತಿ ಗೌರಮ್ಮ ಅಂಕಿ ನೋಡಿದ ದಿನವೇ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲವನ್ನೂ ಓಣಿಗೆ ಹಂಚಿ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದಳು. ಚಹಾ ಅಂದಿನಿಂದ ಕಷಾಯವಾಯಿತು. ಅವಳೂ ಅದನ್ನೇ ಕುಡಿದಳು. ನನಗಾಗಿ ತಾನೂ ಬಿಟ್ಟಳಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಬಂದವರಿಗಾದರೂ ಒಂದು ಚಮಚ ಇಡಬಹುದಿತ್ತು ಎಂಬುದಷ್ಟೇ ಹೊಳೆಯಿತು.

ಇನ್ನು ಸಾವ್ಕಾರ. ಇವನು ಗೌರಮ್ಮನ ಬೆಕ್ಕು. ಕಣ್ಣು ಬಿಡುವ ಮೊದಲೇ ತಾಯಿ ಬಿಟ್ಟುಹೋದ ಮರಿಯನ್ನು ಅವಳು ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದ್ದಳು. ಬೆಳೆದ ಮೇಲೆ ಅವನು ಇಲಿ ಹಿಡಿಯಲಿಲ್ಲ, ಮರ ಹತ್ತಲಿಲ್ಲ, ದಿಂಬಿನ ಮೇಲೆ ಕುಳಿತು ಬಂದುಹೋದವರನ್ನು ಅರೆಗಣ್ಣಿನಲ್ಲಿ ನೋಡಿದ. ಹೀಗಾಗಿ ಆ ಹೆಸರು. ಗೌರಮ್ಮ ರೊಟ್ಟಿ ಬಡಿಯುವಾಗ ಅವನೊಡನೆ ಮಾತಾಡುತ್ತಿದ್ದಳು. ಬೆಕ್ಕಿನ ಹತ್ತಿರ ಏನು ಮಾತೆಂದು ಒಮ್ಮೆ ನಕ್ಕಿದ್ದಕ್ಕೆ, "ಈ ಮನ್ಯಾಗ ನಾ ಮಾತಾಡಿದ್ರ ನನ್ನ ಕಡಿ ತಿರುಗಿ ನೋಡಾದು ಅದೊಂದರಿ" ಎಂದಳು. ನಾನು ಪೇಪರಿನಿಂದ ತಲೆ ಎತ್ತದೆಯೇ ಹೌದೆಂದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಬೇಸಿಗೆ. ಹಿತ್ತಲಲ್ಲಿ ಮನೆ ಕಟ್ಟಿ ಉಳಿದ ಮರಳಿನ ರಾಶಿಯಿತ್ತು. ಒಂದು ಬೆಳಿಗ್ಗೆ ಅದಕ್ಕೆ ಇರುವೆ ಮುತ್ತಿದ್ದವು. ಗೌರಮ್ಮ ಕಸಬರಿಗೆ ಹಿಡಿದುಕೊಂಡೇ ಬಂದು ನನ್ನ ಮುಂದೆ ನಿಂತಳು.

"ಮನ್ಯಾಗ ಕಕ್ಕಸು ಕಟ್ಟಿಸಿದ್ದು ಯಾರಿಗರಿ?"

ನಾನು ಅರ್ಥವಾಗದೆ ನೋಡಿದೆ.

"ಮರಳಾಗ ಇರುವಿ ಹತ್ಯಾವು. ನಿಮ್ಮ ಉಚ್ಚ್ಯಾಗ ಸಕ್ಕರಿ ಐತಲ್ಲ, ಅದಕ್ಕ. ಈ ವಯಸ್ಸಿನಾಗ ಹಿತ್ತಲದಾಗ ಕುಂದ್ರತೀರೇನು?"

ನಾನು ಆಣೆ ಮಾಡಿದೆ. ಅವಳು ನಂಬಲಿಲ್ಲ. ಮಧ್ಯಾಹ್ನದವರೆಗೂ ಕಾವಲು ಕುಳಿತೆ. ಆಗ ಸಾವ್ಕಾರ ಬಂದ. ಮರಳು ಕೆದರಿದ, ಕುಳಿತ, ಬಹಳ ಹೊತ್ತು ಕುಳಿತೇ ಇದ್ದ, ಮುಚ್ಚಿದ, ನೆಟ್ಟಗೆ ಹೋಗಿ ಬಚ್ಚಲಿನ ಬಕೆಟ್ಟಿಗೆ ಮುಖ ಹಾಕಿ ನೀರು ಕುಡಿಯತೊಡಗಿದ. ಎಮ್ಮೆ ಕುಡಿದ ಹಾಗೆ ಕುಡಿದ. ಎತ್ತಿ ನೋಡಿದೆ. ನಾಲ್ಕು ಕಿಲೋ. ಹೋದ ದೀಪಾವಳಿಗೆ ಐದೂವರೆ ಇದ್ದ. ಹಿಂಗಾಲಿನ ಮಾಂಸ ಇಳಿದು ಎಲುಬು ಕೈಗೆ ಸಿಗುತ್ತಿತ್ತು. ನೀರಡಿಕೆ, ಇಳಿದ ತೂಕ, ಇರುವೆ. ಈ ಮೂರೂ ನನಗೆ ಹೊಸದಲ್ಲ.

ನಾನು ನಿರಪರಾಧಿಯೆಂದು ಸಾಬೀತುಪಡಿಸಲು ಬೆಕ್ಕಿನ ಕಿವಿಗೆ ಚುಚ್ಚಿ ನೋಡುವುದೆಂದು ತೀರ್ಮಾನವಾಯಿತು. ಗೌರಮ್ಮ ಹಿಡಿದಳು, ನಾನು ಚುಚ್ಚಿದೆ. ಬೆಕ್ಕು ತಲೆ ಸರಿಸಿತು. ಸೂಜಿ ಗೌರಮ್ಮನ ಹೆಬ್ಬೆರಳಿಗೆ ಹೋಯಿತು. ಬಂದ ರಕ್ತ ವ್ಯರ್ಥವಾಗುವುದು ಬೇಡವೆಂದು ಪಟ್ಟಿಗೆ ಹಚ್ಚಿದೆ. ತೊಂಬತ್ತೆಂಟು. ಮನೆಯಲ್ಲಿ ಒಬ್ಬರಾದರೂ ನೆಟ್ಟಗಿದ್ದಾರೆ ಎಂದೆ. ಎರಡನೆಯ ಸಲ ಸಾವ್ಕಾರ ನನ್ನ ಮುಂಗೈ ಪರಚಿದ. ಆ ರಕ್ತವನ್ನೂ ನೋಡಿದೆವು, ಇನ್ನೂರ ಮೂವತ್ತು. ಅದು ನನ್ನದು. ಮೂರನೆಯ ಸಲ ಗೋಣಿಚೀಲದಲ್ಲಿ ಸುತ್ತಿ ತಲೆಯೊಂದೇ ಹೊರಗಿಟ್ಟು, ಕಿವಿಯ ಅಂಚಿಗೆ ಚುಚ್ಚಿದಾಗ ಸಾಸಿವೆಯಷ್ಟು ರಕ್ತ ಬಂತು. ಮಿಷನ್ನು ತುಸು ಹೊತ್ತು ಯೋಚನೆ ಮಾಡಿ ನಾನೂರ ಹನ್ನೆರಡು ಎಂದು ತೋರಿಸಿತು.

ನನ್ನ ಮರ್ಯಾದೆ ಉಳಿಯಿತು. ಆದರೆ ಗೌರಮ್ಮನ ಮುಖ ನೋಡಿ ಉಳಿದದ್ದಕ್ಕೆ ಖುಷಿಪಡಲು ಆಗಲಿಲ್ಲ.

ಇಲ್ಲಿ ನಾನು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಬೆಕ್ಕಿಗೆ ಸಕ್ಕರೆ ಎಲ್ಲಿಂದ ಬಂತೆಂದು ಇಡೀ ಓಣಿ ಅಚ್ಚರಿಪಡುತ್ತಿದ್ದಾಗ ಒಬ್ಬನಿಗೆ ಮಾತ್ರ ಅಚ್ಚರಿಯಾಗಿರಲಿಲ್ಲ.

ನಮ್ಮ ಎದುರುಮನೆ ಹಾಲಮ್ಮನದು. ಮೂರು ಎಮ್ಮೆ ಕಟ್ಟಿದ ಮನೆ. ಮಗಳಿಗೆ ಎಂಟು ವರ್ಷದ ಮೇಲೆ ಕೂಸಾದದ್ದಕ್ಕೆ ಹರಕೆ ತೀರಿಸುತ್ತಿದ್ದಳು. ಒಂದು ವರ್ಷ ಪೂರ್ತಿ ದಿನಾ ಬೆಳಿಗ್ಗೆ ದೇವರಿಗೆ ಗೋಧಿ ಸಜ್ಜಕದ ಎಡೆ, ಆಮೇಲೆ ಐದು ಮನೆಗೆ ಪ್ರಸಾದ. ಬೆಲ್ಲ, ಗಟ್ಟಿ ಹಾಲು, ಸಜ್ಜಕಕ್ಕಿಂತ ಹೆಚ್ಚಾಗಿ ತುಪ್ಪ. ನಾನು ಕಟ್ಟೆಯ ಮೇಲೆ ಪೇಪರು ಓದುತ್ತಾ ಕುಳಿತಿರುವಾಗ ತಂದು ಅಂಗೈಗೆ ಹಾಕುವಳು. ಪ್ರಸಾದ ಬೇಡವೆನ್ನಲು ಬರುವುದಿಲ್ಲ. ಚೆಲ್ಲಲು ಬರುವುದಿಲ್ಲ. ತುಳಿಯುವ ಜಾಗದಲ್ಲಿ ಇಡಲು ಬರುವುದಿಲ್ಲ. ಒಂದು ಚೂರು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳುವ ತನಕ ಹಾಲಮ್ಮ ನಿಂತೇ ಇರುತ್ತಿದ್ದಳು. ಆಮೇಲೆ ಮುಂದಿನ ಮನೆಗೆ ಹೋಗುವಳು. ನನ್ನ ಅಂಗೈಯಲ್ಲಿ ಉಳಿದದ್ದನ್ನು ಏನು ಮಾಡುವುದು? ಕಾಲ ಬುಡದಲ್ಲಿ ಸಾವ್ಕಾರ ಕುಳಿತಿರುತ್ತಿದ್ದ. ಜೀವವಿರುವ ಪ್ರಾಣಿಗೆ ಹಾಕಿದರೆ ದೋಷವಿಲ್ಲ ಎಂಬ ಶಾಸ್ತ್ರವನ್ನು ನಾನೇ ಬರೆದುಕೊಂಡು ನಾನೇ ಪಾಲಿಸಿದೆ. ಒಂದು ಚೂರು ನನಗೆ, ಉಳಿದದ್ದೆಲ್ಲ ಅವನಿಗೆ. ಹತ್ತು ತಿಂಗಳಾಗಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಒಳ್ಳೆಯ ದನದ ಡಾಕ್ಟರು ಇದ್ದಾರೆಂದು ತಿಳಿದು ಸಾವ್ಕಾರನನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಇನ್ನೊಂದು ಬುಟ್ಟಿ ಬೋರಲು ಕಟ್ಟಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಒಂದೇ ಸ್ವರದಲ್ಲಿ ದೂರು ಹೇಳಿದ. ಅಲ್ಲಿ ಎರಡು ಎಮ್ಮೆ, ಒಂದು ಹೋರಿ, ಕಾಲು ಮುರಿದ ಆಡು, ಇವುಗಳ ಹಿಂದೆ ಪಾಳಿಯಲ್ಲಿ ನಿಂತೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಮತ್ತೊಮ್ಮೆ ರಕ್ತ, ಮೂತ್ರ ಎಲ್ಲ ನೋಡಿ, ತಮ್ಮ ಗುರುಗಳಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿ ಬಂದರು. ಸಕ್ಕರೆ ಕಾಯಿಲೆಯೇ. ಇನ್ಸುಲಿನ್ ಬೇಕು. ಮನುಷ್ಯರದ್ದೇ ನಡೆಯುತ್ತದೆ, ಆದರೆ ಬೆಳಿಗ್ಗೆ ಒಂದು ಯೂನಿಟ್, ಸಂಜೆ ಒಂದು ಯೂನಿಟ್, ಉಂಡ ಮೇಲೆ. ಪ್ರತಿ ಸಲ ಮೊದಲು ಕಿವಿಗೆ ಚುಚ್ಚಿ ನೋಡಿ ಬರೆಯಬೇಕು. ನೂರೈವತ್ತಕ್ಕಿಂತ ಕೆಳಗಿದ್ದರೆ ಕೊಡಕೂಡದು. ವಾರಕ್ಕೊಮ್ಮೆ ಫೋನ್ ಮಾಡಿ ಅಂಕಿ ಓದಬೇಕು. ಹೆಚ್ಚು ಕಡಿಮೆ ಮಾಡುವುದಿದ್ದರೆ ತಾವೇ ಹೇಳುವುದಾಗಿ ತಿಳಿಸಿದರು. ಒಂದು ವೇಳೆ ಬೆಕ್ಕು ತೂರಾಡಿದರೆ, ಬಿದ್ದರೆ, ಸಕ್ಕರೆ ತೀರ ಇಳಿದಿದೆ ಎಂದು ತಿಳಿದು ಕೂಡಲೇ ಸಕ್ಕರೆ ನೀರನ್ನು ಒಸಡಿಗೆ ಸವರಿ ಕರೆದುಕೊಂಡು ಬರಬೇಕು. "ಸಕ್ಕರೆ ಏರಿದರೆ ನಿಧಾನಕ್ಕೆ ತೊಂದರೆ, ಅಜ್ಜಾರೆ. ಇಳಿದರೆ ಗಳಿಗೆಯಲ್ಲಿ ಜೀವ ಹೋಗುತ್ತೆ" ಎಂದರು.

ಕೊನೆಗೆ ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಗೌರಮ್ಮ ರೊಟ್ಟಿ ಹಾಲು ಎಂದಳು. ಮತ್ತೇನಾದರೂ ಸಿಹಿ? "ನಮ್ಮ ಮನ್ಯಾಗ ಸಿಹಿನ ಇಲ್ಲರಿ ಸರ" ಎಂದು ನನ್ನ ಕಡೆ ಬೆರಳು ಮಾಡಿದಳು. ಡಾಕ್ಟರು ನನ್ನನ್ನು ನೋಡಿದರು. ನಾನು ಹೊರಗಿನ ಹೋರಿಯನ್ನು ನೋಡಿದೆ. ಒಳ್ಳೆಯ ಹೋರಿ.

ಚುಚ್ಚುವ, ಅಳೆಯುವ, ಬರೆಯುವ ಅಧಿಕಾರವನ್ನು ನಾನು ವಹಿಸಿಕೊಂಡೆ. ಗೌರಮ್ಮ ತಾನು ಕಲಿಯುತ್ತೇನೆ ಎಂದಳು. ತೂಕದ ಕೆಲಸ ಹೆಂಗಸರಿಗೆ ತಿಳಿಯುವುದಲ್ಲ ಎಂದುಬಿಟ್ಟೆ. ಉದ್ದ ಪುಸ್ತಕವೊಂದರಲ್ಲಿ ಗೆರೆ ಹೊಡೆದು ಎಡಕ್ಕೆ ನನ್ನ ಕಾಲಂ, ಬಲಕ್ಕೆ ಸಾವ್ಕಾರನ ಕಾಲಂ ಮಾಡಿದೆ. ಬೆಳಿಗ್ಗೆ ಏಳಕ್ಕೆ ನನ್ನ ಹೊಟ್ಟೆಗೊಂದು ಚುಚ್ಚು, ಅವನ ಹೆಗಲಿನ ಚರ್ಮ ಎತ್ತಿ ಅಲ್ಲೊಂದು ಚುಚ್ಚು. ಆಮೇಲೆ ಇಬ್ಬರೂ ಕಟ್ಟೆಗೆ ಬಂದು ಕೂರುತ್ತಿದ್ದೆವು. ಹಾಲಮ್ಮ ಪ್ರಸಾದ ತರುತ್ತಿದ್ದಳು.

ಹೌದು, ನಿಲ್ಲಿಸಲಿಲ್ಲ. ಪ್ರಮಾಣ ಕಡಿಮೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಕದಿದ್ದರೆ ಸಾವ್ಕಾರ ಓಣಿ ಕೇಳುವಂತೆ ಕೂಗುತ್ತಿದ್ದ, ಗೌರಮ್ಮ ಹೊರಗೆ ಬರುತ್ತಿದ್ದಳು, ನನ್ನ ಅಂಗೈ ನೋಡುತ್ತಿದ್ದಳು. ಇದಕ್ಕಿಂತ ದೊಡ್ಡ ತರ್ಕ ಇನ್ನೊಂದಿತ್ತು. ಇನ್ಸುಲಿನ್ ಚುಚ್ಚಿಸಿಕೊಳ್ಳುವುದೇ ಒಂದಿಷ್ಟು ತಿನ್ನಲಿಕ್ಕೆ ಎಂದು ನನ್ನ ಮಟ್ಟಿಗೆ ನಾನು ಐದು ವರ್ಷದಿಂದ ನಂಬಿದ್ದೆ. ಅದೇ ನ್ಯಾಯವನ್ನು ಬೆಕ್ಕಿಗೂ ಕೊಟ್ಟೆ. ಸಮಾನ ನ್ಯಾಯ!

ಅಂಕಿ ಇಳಿಯಲಿಲ್ಲ. ಮುನ್ನೂರ ಎಂಬತ್ತೇಳು, ಮುನ್ನೂರ ಅರವತ್ತೈದು, ಮತ್ತೆ ನಾನೂರ ಮೂರು. ವಾರದ ಮೇಲೆ ಫೋನಿನಲ್ಲಿ ಓದಿದೆ. ಡಾಕ್ಟರು ಯೋಚಿಸಿ ಎರಡು ಯೂನಿಟ್ ಮಾಡಿ ಎಂದರು. ಅವರ ತಪ್ಪಿಲ್ಲ. ನಾನು ಕೊಟ್ಟ ಅಂಕಿಗೆ ಅವರು ಲೆಕ್ಕ ಹಾಕಿದರು. ಅಂಕಿಯ ಹಿಂದೆ ಸಜ್ಜಕವಿದೆ ಎಂದು ಅವರಿಗೆ ಯಾರು ಹೇಳಬೇಕು?

ಅಲ್ಲಿಂದ ಮುಂದಿನದು ಪೂರ್ತಿ ನನ್ನದು. ಯಾರ್ಡಿನಲ್ಲಿ ಮಾಲು ತೂಗುವಾಗ ಚೀಲದ ತೂಕ ಬೇರೆ, ಮಾಲಿನ ತೂಕ ಬೇರೆ. ಚೀಲದ್ದೆಂದು ಇಷ್ಟು ಬಿಟ್ಟೇ ಲೆಕ್ಕ ಹಿಡಿಯಬೇಕು. ಸಾವ್ಕಾರನಿಗೆ ಚುಚ್ಚುವಾಗ ಒಮ್ಮೊಮ್ಮೆ ಔಷಧ ಕೂದಲಿಗೆ ತಾಗಿ ಒದ್ದೆಯಾಗುತ್ತಿತ್ತು. ಆದ್ದರಿಂದ ಕೂದಲಿನ ಬಾಬ್ತು ಒಂದು ಯೂನಿಟ್ ಸೇರಿಸಿದೆ. ಮೂರಾಯಿತು. ಮೂರು ಬೆಸ ಸಂಖ್ಯೆ, ಸಣ್ಣ ಸಿರಿಂಜಿನಲ್ಲಿ ನನ್ನ ಕಣ್ಣಿಗೆ ಎರಡರ ಗೆರೆ, ನಾಲ್ಕರ ಗೆರೆ ಚೆನ್ನಾಗಿ ಕಾಣುತ್ತಿದ್ದವು. ನಾಲ್ಕು ಮಾಡಿದೆ. ಪುಸ್ತಕದಲ್ಲಿ ಎರಡೆಂದೇ ಬರೆದೆ. ಡಾಕ್ಟರು ಹೇಳಿದ್ದು ಮಾಲು, ನಾನು ಸೇರಿಸಿದ್ದು ಚೀಲ. ಚೀಲವನ್ನು ಬರೆಯುವ ಪದ್ಧತಿ ಇಲ್ಲ.

ಅಷ್ಟರಲ್ಲಿ ಪಟ್ಟಿಗಳು ಮುಗಿದವು. ಇಬ್ಬರಿಗೆಂದು ಬಳಸಿದರೆ ಎಷ್ಟು ದಿನ ಬಂದಾವು? ಕೊಟ್ಟೂರಿನ ಔಷಧಿ ಅಂಗಡಿಯಲ್ಲಿ ಆ ಮಿಷನ್ನಿನ ಪಟ್ಟಿ ಇರಲಿಲ್ಲ, ದಾವಣಗೆರೆಯಿಂದ ಬರಬೇಕು, ಭಾನುವಾರ ಬರುತ್ತದೆ ಎಂದು ಅಳಿಯ ತಿಳಿಸಿದ. ಅಲ್ಲಿಯವರೆಗೆ ಬಲಗಡೆಯ ಕಾಲಂ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಮೂವತ್ತೊಂದು ವರ್ಷ ಲೆಕ್ಕದ ಪುಸ್ತಕದ ಒಂದು ಮನೆಯನ್ನೂ ಖಾಲಿ ಬಿಟ್ಟವನಲ್ಲ.

ಸಾವ್ಕಾರನ ಎರಡು ಕಂಕುಳು ಹಿಡಿದು ಮೇಲೆತ್ತಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿದೆ. ಕಣ್ಣು ಮುಚ್ಚಿದೆ. ಮುನ್ನೂರ ನಲವತ್ತು ಎಂದು ಬರೆದೆ.

ಗೌರಮ್ಮ ನೋಡುತ್ತಿದ್ದಳು. "ಎತ್ತಿ ನೋಡಿದ್ರ ಸಕ್ಕರಿ ಗೊತ್ತಾಕ್ಕತೇನರಿ?" ಎಂದಳು.

"ಮೂವತ್ತೊಂದು ವರ್ಷದ ಕೈ ಇದು" ಎಂದೆ.

ಆ ವಾರವೇ ಹಾಲಮ್ಮ ಶ್ರೀಶೈಲಕ್ಕೆ ಹೋದಳು. ಹೋಗುವ ಮುಂಚೆ ನನ್ನ ಹತ್ತಿರ ಬಂದು, ಎಡೆಯನ್ನು ಅಲ್ಲೇ ದೇವರ ಮುಂದೆ ಇಡುತ್ತೇನೆ, ಆದರೆ ಎಂಟು ದಿನ ನಿಮಗೆ ಪ್ರಸಾದ ತಪ್ಪುತ್ತದೆ, ಬಂದ ಮೇಲೆ ಅಲ್ಲಿಯದೇ ತಂದುಕೊಡುತ್ತೇನೆ ಎಂದು ಸಂಕಟಪಟ್ಟು ಹೇಳಿದಳು. ನಾನೂ ಸಂಕಟಪಟ್ಟೆ. ಆದರೆ ಸಂಕಟದಲ್ಲಿ ಒಂದು ಸಣ್ಣ ಕೂಡಿಸಿ ಕಳೆಯುವ ಲೆಕ್ಕ ಬಿಟ್ಟುಹೋಯಿತು. ಸಜ್ಜಕ ನಿಂತಿತು. ನಾಲ್ಕು ಯೂನಿಟ್ ನಿಲ್ಲಲಿಲ್ಲ.

ಸೋಮವಾರ ಹೋದಳು. ಬುಧವಾರ ಬೆಳಿಗ್ಗೆ ಸಾವ್ಕಾರ ರೊಟ್ಟಿ ಹಾಲನ್ನು ಅರ್ಧ ಬಿಟ್ಟ. ನಾನು ಎತ್ತಿ ನೋಡಿ ಮುನ್ನೂರ ಇಪ್ಪತ್ತು ಎಂದು ಬರೆದು ಚುಚ್ಚಿದೆ. ಹತ್ತು ಗಂಟೆಯ ಸುಮಾರಿಗೆ ಗೌರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ ಸಪ್ಪಳ ಕೇಳಿತು. ಸಪ್ಪಳ ನಿಂತದ್ದೇ ಕೇಳಿತು ಎನ್ನಬೇಕು.

"ಇಲ್ಲಿ ಬರ್ರಿ. ಇವಗೇನೋ ಆಗೇತಿ."

ಸಾವ್ಕಾರ ಅಡುಗೆಮನೆಯ ನಡುವೆ ಕುಡಿದವನಂತೆ ನಿಂತಿದ್ದ. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ಗೌರಮ್ಮ ಹೆಸರು ಹಿಡಿದು ಕರೆದಳು. ಅವನು ತಿರುಗಲಿಲ್ಲ. ಅವಳು ಕರೆದಾಗ ಅವನು ತಿರುಗದಿದ್ದದ್ದು ಅದೇ ಮೊದಲು. ಎರಡು ಹೆಜ್ಜೆ ಇಟ್ಟು ಮಗ್ಗುಲಿಗೆ ಬಿದ್ದ. ಕಣ್ಣು ತೆರೆದಿತ್ತು, ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು.

ಸಕ್ಕರೆ ನೀರು ಎಂದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಗೌರಮ್ಮ ಎದ್ದು ಡಬ್ಬಿಗಳ ಕಡೆ ಹೋಗಿ ಹಾಗೆಯೇ ನಿಂತಳು. ಡಬ್ಬಿಗಳು ಐದು ವರ್ಷದಿಂದ ಬೋರಲು ಬಿದ್ದಿದ್ದವು. ಲೋಟ ಹಿಡಿದು ಓಡಿದಳು. ಹಾಲಮ್ಮನ ಮನೆಗೆ ಬೀಗ, ಅಕ್ಕಪಕ್ಕದ ಮನೆಗಳಲ್ಲೂ ಆ ಹೊತ್ತಿಗೆ ಯಾರೂ ಇಲ್ಲ. ಮೂಲೆಯ ಅಂಗಡಿಗೆ ಹೋಗಿ ಬರುತ್ತೇನೆ, ತಲೆ ಎತ್ತಿ ಹಿಡಿದಿರಿ ಎಂದು ಬೀದಿಯಿಂದಲೇ ಕೂಗಿ ಹೇಳಿದಳು.

ನಾನು ತಲೆ ಎತ್ತಿ ಹಿಡಿದು ಕುಳಿತೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಮಾತು ಪೂರ್ತಿ ನಿಜವಲ್ಲ. ಒಂದು ಚೂರು ನನಗೆ, ಉಳಿದದ್ದು ಬೆಕ್ಕಿಗೆ ಎಂದೆನಲ್ಲ, ಅದು. ಸಜ್ಜಕವನ್ನು ನಾನು ಸಮಪಾಲು ಮಾಡುತ್ತಿದ್ದೆ. ತೂಕದವನ ಸಮಪಾಲು. ನನ್ನ ಪಾಲು ಯಾವಾಗಲೂ ತುಸು ಭಾರ. ಅಷ್ಟೇ ಅಲ್ಲ. ಮಂಚದ ಕೆಳಗೆ ನನ್ನ ಹಳೆಯ ತೂಕದ ಕಲ್ಲಿನ ಪೆಟ್ಟಿಗೆ ಇತ್ತು. ರಿಟೈರ್ ಆದಾಗ ನೆನಪಿಗೆಂದು ತಂದುಕೊಂಡದ್ದು. ಹತ್ತು ಕಿಲೋ, ಐದು ಕಿಲೋ, ಎರಡು, ಒಂದು, ಅರ್ಧ. ಕಸ ಗುಡಿಸುವಾಗ ಗೌರಮ್ಮ ಅದನ್ನು ಜರುಗಿಸಲು ಹೋಗುತ್ತಿರಲಿಲ್ಲ, ಭಾರ. ಆ ಕಲ್ಲುಗಳ ಕೆಳಗೆ ಒಂದು ಪೊಟ್ಟಣ ಕಲ್ಲುಸಕ್ಕರೆ, ನಾಲ್ಕು ಫೇಡೆ ಇದ್ದವು. ಮುಗಿದಂತೆ ತುಂಬುತ್ತಿದ್ದೆ.

ನಾನು ಕುಳಿತ ಜಾಗದಿಂದ ಆ ಪೆಟ್ಟಿಗೆ ಎಂಟು ಹೆಜ್ಜೆ.

ಗೌರಮ್ಮ ಅಂಗಡಿಯಿಂದ ತರುತ್ತಾಳೆ ಎಂದುಕೊಂಡೆ. ತಂದರೆ ಪೆಟ್ಟಿಗೆಯ ಸುದ್ದಿಯೇ ಬರುವುದಿಲ್ಲ. ನಾನು ತೆಗೆದರೆ ಎಲ್ಲಿತ್ತು ಎಂದು ಕೇಳುತ್ತಾಳೆ. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದು ಬಾಗಿಲು ನೋಡಿದೆ. ಕೈಯಲ್ಲಿ ಸಾವ್ಕಾರನ ತಲೆ ಇತ್ತು. ಎತ್ತಿದ್ದೆಲ್ಲದರ ತೂಕ ಹೇಳುತ್ತಿದ್ದ ಕೈ ಅದು. ಆ ತಲೆ ಎಷ್ಟು ಭಾರವಾಗುತ್ತಿದೆ ಎಂಬುದು ಆ ಕೈಗೆ ತಿಳಿಯದೆ ಇರಲಿಲ್ಲ. ಎಷ್ಟು ನಿಮಿಷ ಹಾಗೆ ಕುಳಿತೆನೋ. ಬೇರೆಲ್ಲವನ್ನೂ ನಗುತ್ತಾ ಹೇಳಬಲ್ಲೆ, ಆ ಕೆಲವು ನಿಮಿಷಗಳನ್ನಲ್ಲ.

ಗೌರಮ್ಮ ಖಾಲಿ ಲೋಟ ಹಿಡಿದು ಬಂದಳು. ಅಂಗಡಿಯವನು ಮಾಲು ತರಲು ಹೋಗಿದ್ದ, ಬಾಗಿಲು ಹಾಕಿತ್ತು. ಅದೇ ಹೊತ್ತಿಗೆ ಸಾವ್ಕಾರನ ಮೈ ಒಮ್ಮೆ ಸೆಟೆದು ನಡುಗಿತು. ಅವಳು ಬಾಗಿಲಲ್ಲೇ ಕುಸಿದು ಕುಳಿತು, "ಹೋತೇನರಿ?" ಎಂದಳು. ಅಳಲಿಲ್ಲ. ಕೇಳಿದಳು, ಅಷ್ಟೆ.

ನಾನು ಎದ್ದೆ. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ. ಅವಳ ಕಣ್ಣೆದುರಿಗೇ ಹತ್ತು ಕಿಲೋ ಕಲ್ಲು ತೆಗೆದೆ, ಐದು ತೆಗೆದೆ, ಎರಡು ತೆಗೆದೆ, ಪೊಟ್ಟಣ ತೆಗೆದೆ. ಕಲ್ಲುಸಕ್ಕರೆಯನ್ನು ಅರ್ಧ ಕಿಲೋ ಕಲ್ಲಿನಿಂದ ಜಜ್ಜಿ ಲೋಟದಲ್ಲಿ ನೀರಿಗೆ ಹಾಕಿ ಬೆರಳಿನಿಂದ ಕಲಕಿ ಅವನ ಒಸಡಿಗೆ ಸವರಿದೆ. ಮತ್ತೆ ಸವರಿದೆ. ಗೌರಮ್ಮ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು ತಾನೇ ಸವರತೊಡಗಿದಳು. ಸುಮಾರು ಹೊತ್ತಿನ ಮೇಲೆ ಸಾವ್ಕಾರನ ನಾಲಗೆ ಅಲುಗಿತು. ಆಮೇಲೆ ಅವಳ ಬೆರಳು ನೆಕ್ಕಿತು. ಆಮೇಲೆ ಕಿವಿ ಅವಳ ದನಿಯ ಕಡೆ ತಿರುಗಿತು.

ಆಗ ಅವಳು ಪೆಟ್ಟಿಗೆಯ ಕಡೆ ನೋಡಿದಳು. ಫೇಡೆಗಳನ್ನು ಎಣಿಸಿದಳು.

"ಯಾವಾಗ ಇಟ್ಟಿರಿ ಈ ಅಂಗಡಿ?"

ನಾನು ಎಲ್ಲ ಹೇಳಿದೆ. ಸಜ್ಜಕ, ಸಮಪಾಲು, ಕೂದಲಿನ ಬಾಬ್ತು, ನಾಲ್ಕು ಯೂನಿಟ್, ಎತ್ತಿ ಬರೆದ ಅಂಕಿ. ಅವಳು ಓಡಿಹೋದ ಮೇಲೆ ನಾನು ಕಾದು ಕುಳಿತದ್ದನ್ನೂ ಹೇಳಿದೆ. ಕೊನೆಯದನ್ನು ಕೇಳಿದಾಗ ಮಾತ್ರ ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಬುಟ್ಟಿ ತಗೀರಿ. ಬಸ್ಸಿನ ಹೊತ್ತಾತು" ಎಂದಳು.

ಹಗರಿಬೊಮ್ಮನಹಳ್ಳಿಯಲ್ಲಿ ಡಾಕ್ಟರು ಮೊದಲು ಬೆಕ್ಕನ್ನು ನೋಡಿದರು, ಜೀವಕ್ಕೆ ಭಯವಿಲ್ಲ ಎಂದರು, ಆಮೇಲೆ ಪುಸ್ತಕ ನೋಡಿದರು. ಬೆರಳಿನಿಂದ ಕಾಲಂ ಸವರುತ್ತಾ ಬಂದವರು ಒಂದು ಕಡೆ ನಿಂತರು. "ಅಜ್ಜಾರೆ, ಇಲ್ಲಿಯವರೆಗೆ ಮುನ್ನೂರ ಅರವತ್ತೈದು, ಮುನ್ನೂರ ಎಂಬತ್ತೇಳು ಅಂತ ಐತೆ. ಇಲ್ಲಿಂದ ಮುಂದೆ ಎಲ್ಲಾ ದುಂಡಗೆ ಅದಾವಲ್ಲ? ಮುನ್ನೂರ ನಲವತ್ತು, ಮುನ್ನೂರ ಐವತ್ತು, ಮುನ್ನೂರ ಇಪ್ಪತ್ತು?"

ನಾನು ಬಾಯಿ ತೆರೆಯುವ ಮೊದಲೇ ಗೌರಮ್ಮ, "ಅವು ಎತ್ತಿ ಬರದಾವರಿ ಸರ" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಎದ್ದು ನಿಂತು, ಸಾವ್ಕಾರನನ್ನು ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ತೋರಿಸಬೇಕಾಯಿತು. ಆಡು ಹಿಡಿದುಕೊಂಡು ಬಂದಿದ್ದ ಒಬ್ಬರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಆಡೂ ನೋಡಿತು.

ಸಜ್ಜಕದ ವಿಷಯ ಬಂದಾಗ ನಾನು ಒಂದು ಮಾತನ್ನು ನನ್ನ ಪರವಾಗಿ ಹೇಳಿಕೊಂಡೆ. ಬೆಕ್ಕಿಗೂ ಸಿಹಿಯೆಂದರೆ ಅಷ್ಟು ಆಸೆ, ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿತ್ತು, ನೋಡಿದರೆ ಕರುಳು ಚುರುಕ್ಕೆನ್ನುತ್ತಿತ್ತು ಎಂದೆ. ಡಾಕ್ಟರು ಮೆಲ್ಲಗೆ, "ಬೆಕ್ಕಿಗೆ ಸಿಹಿ ರುಚಿ ಗೊತ್ತೇ ಆಗಲ್ಲ, ಅಜ್ಜಾರೆ. ಅದು ತುಪ್ಪ ಹಾಲಿಗೆ ಕೂರ್ತಿತ್ತು. ಸಿಹಿ ಆಸೆ ನಿಮ್ಮೊಬ್ಬರದೇ" ಎಂದರು.

ಹತ್ತು ತಿಂಗಳ ಜೊತೆಗಾರ ಒಂದೇ ಮಾತಿನಲ್ಲಿ ಕೈಬಿಟ್ಟ.

ಇನ್ಸುಲಿನ್ನನ್ನು ಮತ್ತೆ ಒಂದು ಯೂನಿಟ್ಟಿಗೆ ಇಳಿಸಿದರು. ಚುಚ್ಚುವುದನ್ನು, ಅಳೆಯುವುದನ್ನು ಗೌರಮ್ಮನಿಗೆ ಅಲ್ಲೇ ಕಲಿಸಿದರು. ಅವಳು ಎರಡನೆಯ ಸಲಕ್ಕೇ ಒಂದು ಕೂದಲೂ ಒದ್ದೆಯಾಗದಂತೆ ಚುಚ್ಚಿದಳು. ಕೊನೆಗೆ ಆಹಾರ. ಬೆಕ್ಕು ಹುಟ್ಟಿದ್ದೇ ಮಾಂಸ ತಿನ್ನಲಿಕ್ಕೆ, ರೊಟ್ಟಿ ಹಾಲು ಬಿಡಿಸಿ, ಮಾಂಸ ಮೊಟ್ಟೆ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ನಿಲ್ಲುವುದುಂಟು ಎಂದರು. ಗೌರಮ್ಮ ಕೊರಳಿನ ಲಿಂಗ ಮುಟ್ಟಿಕೊಂಡು ನನ್ನ ಕಡೆ ನೋಡಿದಳು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಬರುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಅವಳೇ ದಾರಿ ಕಂಡುಹಿಡಿದಳು. ನಮ್ಮ ಓಣಿಯ ಕೊನೆಯ ಮನೆ ಖಾಜಾಸಾಬನದು. ತಕ್ಕಡಿ ರಿಪೇರಿ ಮಾಡುವವನು. ಯಾರ್ಡಿನಲ್ಲಿ ನನ್ನ ತಕ್ಕಡಿಯ ಮುಳ್ಳನ್ನು ಇಪ್ಪತ್ತು ವರ್ಷ ನೆಟ್ಟಗಿಟ್ಟವನು. ಅವನ ಮನೆಗೆ ಹೋಗಿ ಗೌರಮ್ಮ ವಿಷಯ ಹೇಳಿದಳು. ಎರಡು ಹೊತ್ತೂ ಸಾವ್ಕಾರನಿಗೆ ಅಲ್ಲೇ ಊಟ, ಆಮೇಲೆ ನಮ್ಮ ಮನೆಗೆ ಬಂದು ಚುಚ್ಚಿಸಿಕೊಂಡು ಮಲಗುವುದು ಎಂದು ಒಪ್ಪಂದವಾಯಿತು. ಖಾಜಾಸಾಬ ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿ ಗಡ್ಡ ತುರಿಸಿಕೊಂಡ.

"ಯಜಮಾನ್ರ, ಇಪ್ಪತ್ತು ವರ್ಷ ನಾ ತಕ್ಕಡಿ ರಿಪೇರಿ ಮಾಡಿದ್ದು ದಂಡ ನೋಡ್ರಿ. ರಿಪೇರಿ ಬೇಕಾಗಿದ್ದು ನಿಮ್ಮ ಕೈಗೆ."

ಹಾಲಮ್ಮ ಶ್ರೀಶೈಲದಿಂದ ಬಂದ ದಿನ ಗೌರಮ್ಮ ಅವಳಿಗೂ ಹೇಳಿದಳು. ಹಾಲಮ್ಮ ಕೈಯಲ್ಲಿದ್ದ ಶ್ರೀಶೈಲದ ಪ್ರಸಾದವನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, "ಹಂಗಾರ ಹತ್ತು ತಿಂಗಳು ನನ್ನ ಹರಕಿ ಪ್ರಸಾದ ಬೆಕ್ಕು ತಿಂತೇನು?" ಎಂದಳು. ಅರ್ಧ ನಾನು ತಿಂದಿದ್ದೇನೆ ಎಂದು ಸಮಾಧಾನ ಹೇಳಿದೆ. ಅದರಿಂದ ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಹರಕೆ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಐದು ಮನೆ ತಪ್ಪುವಂತಿಲ್ಲ. ಇಬ್ಬರೂ ಹೆಂಗಸರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ಸಜ್ಜಕ ನಾಲ್ಕು ಮನೆಗೆ. ನನಗೆ ಅದೇ ಪೂಜೆಯ ಒಂದು ಬಿಲ್ವಪತ್ರೆ. ಅದೂ ಪ್ರಸಾದವೇ, ಚೆಲ್ಲಲು ಬರುವುದಿಲ್ಲ. ನಾನು ಅಗಿದು ನುಂಗುವ ತನಕ ಹಾಲಮ್ಮ ನಿಂತಿರುತ್ತಿದ್ದಳು. ಹರಕೆ ಮುಗಿದ ಮೇಲೂ ಎಲೆ ನಿಲ್ಲಲಿಲ್ಲ.

ಮೂರು ತಿಂಗಳಲ್ಲಿ ಸಾವ್ಕಾರನ ಅಂಕಿ ಇಳಿಯುತ್ತಾ ಬಂತು. ಇನ್ನೂರು, ನೂರೆಪ್ಪತ್ತು, ಆಮೇಲೆ ನೂರರ ಹತ್ತಿರ. ಡಾಕ್ಟರು ಹಂತಹಂತವಾಗಿ ಕಡಿಮೆ ಮಾಡಿ ಒಂದು ದಿನ ಇನ್ನು ಬೇಡ ಎಂದರು. ತೂಕ ಮತ್ತೆ ಐದು ಕಿಲೋ ದಾಟಿತು. ಇದನ್ನು ನಾನು ಎತ್ತಿ ಹೇಳಿದ್ದಲ್ಲ, ಖಾಜಾಸಾಬನ ಅಂಗಡಿಯಲ್ಲಿ ತಕ್ಕಡಿಗೆ ಹಾಕಿ ನೋಡಿದ್ದು. ಇನ್ಸುಲಿನ್ ನಿಂತ ಆ ಭೇಟಿಯಲ್ಲೇ ಗೌರಮ್ಮ ನನ್ನ ಕಾಲಮ್ಮನ್ನೂ ಡಾಕ್ಟರಿಗೆ ತೋರಿಸಿದಳು. ಅವರು ತಾವು ದನದ ಡಾಕ್ಟರೆಂದೂ ಮನುಷ್ಯರಿಗೆ ಹೇಳಬಾರದೆಂದೂ ಮೊದಲೇ ಹೇಳಿ, ಪುಸ್ತಕ ನೋಡಿ, ಹೇಳಿದ ಮಾತನ್ನು ಬೆಕ್ಕು ಕೇಳಿತು ಎಂದಷ್ಟೇ ಅಂದರು.

ಈಗ ಬೆಳಿಗ್ಗೆ ಕಟ್ಟೆಯ ಮೇಲೆ ಬಿಲ್ವಪತ್ರೆ ಅಗಿಯುತ್ತಾ ಕುಳಿತಿರುತ್ತೇನೆ. ಸಾವ್ಕಾರ ಖಾಜಾಸಾಬನ ಮನೆಯಿಂದ ಮೀಸೆ ನೆಕ್ಕುತ್ತಾ ಬರುತ್ತಾನೆ. ನನ್ನ ಅಂಗೈಯನ್ನು ಒಮ್ಮೆ ಮೂಸಿ, ಏನೂ ಇಲ್ಲವೆಂದು ತಿಳಿದು, ಒಳಗೆ ಗೌರಮ್ಮನ ಮಾತು ಕೇಳಲು ಹೋಗುತ್ತಾನೆ. ಕಿವಿಗೊಟ್ಟರೆ ನನಗೂ ಕೇಳುತ್ತದೆ. ಈಗೀಗ ಪೇಪರು ಮಡಿಸಿಟ್ಟು ಕೇಳುತ್ತೇನೆ. ಹೆಚ್ಚಾಗಿ ನನ್ನ ಬಗ್ಗೆಯೇ ಇರುತ್ತದೆ.

ಪುಸ್ತಕದಲ್ಲಿ ಬಲಗಡೆಯ ಕಾಲಮ್ಮಿಗೆ ಉದ್ದಕ್ಕೆ ಗೆರೆ ಎಳೆದು ಮುಗಿಸಿದ್ದಾಗಿದೆ. ಉಳಿದಿರುವುದು ಎಡಗಡೆಯದು. ಅದನ್ನು ಬರೆಯುವವಳು ಗೌರಮ್ಮ. ಒಂದು ಅಂಕಿಯೂ ದುಂಡಗಿಲ್ಲ.